ಹೊಸ ರೇಜರ್, ಎರಡು ಬದಿಗೆ ಎರಡು ಬುದ್ಧಿ

ರೇಜರ್ ಹೊಸದು. ಮೂರು ತುಂಡಿನ ಸಾದಾ ಸೇಫ್ಟಿ ರೇಜರ್: ಮೇಲೊಂದು ಮುಚ್ಚಳ, ಕೆಳಗೊಂದು ಪ್ಲೇಟು, ಒಂದು ಹಿಡಿ. ನಡುವೆ ಬ್ಲೇಡ್ ಇಟ್ಟು ಹಿಡಿ ತಿರುಗಿಸಿದರೆ ಮುಗೀತು. ಕೈಗೆ ತೂಕ ಸಿಗುತ್ತದೆ, ಕ್ರೋಮ್ ಲೇಪ ಮಿರಮಿರ ಮಿಂಚುತ್ತದೆ, ಬೆಲೆಯೂ ಜಾಸ್ತಿ ಅಲ್ಲ. ತೊಂದರೆ ಒಂದೇ. ಒಂದು ಬದಿಯಲ್ಲಿ ಹೆರೆದರೆ ಬ್ಲೇಡ್ ಇದೆಯೋ ಇಲ್ಲವೋ ಗೊತ್ತಾಗದಷ್ಟು ನಯ, ತಿರುಗಿಸಿ ಇನ್ನೊಂದು ಬದಿ ಹಚ್ಚಿದರೆ ಗದ್ದದ ಕೆಳಗೆ ಉರಿ, ಕುತ್ತಿಗೆ ತುಂಬ ಕೆಂಪು ಚುಕ್ಕೆ. ಅದೇ ಬ್ಲೇಡ್, ಅದೇ ಕೈ, ಅದೇ ಮುಖ. ಹಾಗಾದರೆ ಬೇರೆ ಆಗಿರುವುದು ಏನು?

ಕಂಪನಿ ಹೆಸರು ಬೇಡ. ಎರಕ ಹೊಯ್ದು ಮಾಡುವ ಅಗ್ಗದ ರೇಜರ್ ಯಾವುದರಲ್ಲಿ ಬೇಕಾದರೂ ಇದು ಬರಬಹುದು. ವಾಪಸ್ ಕಳಿಸಬಹುದಿತ್ತು ನಿಜ, ಆದರೆ ಬದಲಿಗೆ ಬರುವುದೂ ಅದೇ ಅಚ್ಚಿನದೇ ಅಲ್ವಾ? ಕಳಿಸಿ ಕಾಯುತ್ತ ಕೂರುವುದಕ್ಕಿಂತ ಬಿಚ್ಚಿ ನೋಡುವುದೇ ವಾಸಿ ಅನಿಸಿತು. ಇರುವುದೇ ಮೂರು ತುಂಡು, ಕಳೆದುಹೋಗುವ ಸ್ಪ್ರಿಂಗೂ ಇಲ್ಲ.

ರೇಜರಿನ ಒಳಗುಟ್ಟು ಸ್ವಲ್ಪ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಎರಡಂಚಿನ ಬ್ಲೇಡಿನ ದಪ್ಪ 0.1 ಮಿಲಿಮೀಟರ್. ಬರೀ ಬೆರಳಲ್ಲಿ ಹಿಡಿದು ಒತ್ತಿದರೆ ಬಳುಕುತ್ತದೆ. ಅದಕ್ಕೆ ಬಿಗಿ ಬರುವುದು ಮುಚ್ಚಳಕ್ಕೂ ಪ್ಲೇಟಿಗೂ ನಡುವೆ ಸ್ವಲ್ಪ ಬಾಗಿ, ಸಿಕ್ಕಿಕೊಂಡು ಕೂತಾಗ ಮಾತ್ರ. ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್ 1901ರಲ್ಲಿ ಕಂಪನಿ ಕಟ್ಟಿದ್ದು, 1904ರಲ್ಲಿ ಪೇಟೆಂಟ್ ಪಡೆದದ್ದು ಈ ಉಪಾಯಕ್ಕೇ. ಬ್ಲೇಡ್ ತೆಳ್ಳಗೆ, ಅಗ್ಗವಾಗಿ ಇರಲಿ, ಮೊಂಡಾದರೆ ಎಸೆಯಲಿ, ಬಿಗಿ ಕೊಡುವ ಕೆಲಸ ರೇಜರಿನ ತಲೆ ನೋಡಿಕೊಳ್ಳಲಿ. ಅಷ್ಟು ತೆಳ್ಳಗಿನ ಉಕ್ಕಿಗೆ ಅಂಚು ಹಿಡಿಯುವ ಯಂತ್ರ ಮಾಡಿಕೊಟ್ಟವರು ವಿಲಿಯಂ ನಿಕರ್ಸನ್ ಅನ್ನುವ ಎಂಜಿನಿಯರು.   ಅಂದರೆ ಬ್ಲೇಡ್ ಎಷ್ಟೇ ಒಳ್ಳೆಯದಿರಲಿ, ಅದನ್ನು ಹಿಡಿದ ತಲೆ ಸೊಟ್ಟ ಇದ್ದರೆ ಬ್ಲೇಡೂ ಸೊಟ್ಟವೇ. ನಾವು ಮಾತ್ರ ಉರಿ ಬಂದ ಕೂಡಲೇ ಬ್ಲೇಡಿಗೆ ಬೈದು ಬೇರೆ ಪ್ಯಾಕೆಟ್ ತರುತ್ತೇವೆ.

ಎರಡು ಅಳತೆ ಮುಖ್ಯ. ಬ್ಲೇಡಿನ ಅಂಚಿಗೂ ಅದರ ಕೆಳಗಿನ ಸೇಫ್ಟಿ ಬಾರಿಗೂ (ಚರ್ಮಕ್ಕೆ ತಾಗುವ ಪ್ಲೇಟಿನ ಅಂಚು) ನಡುವೆ ಎಷ್ಟು ಸಂದು ಇದೆ ಅನ್ನುವುದು ಒಂದು. ಮುಚ್ಚಳದ ತುದಿಯಿಂದ ಸೇಫ್ಟಿ ಬಾರಿಗೆ ಗೆರೆ ಎಳೆದರೆ ಬ್ಲೇಡಿನ ಅಂಚು ಆ ಗೆರೆಯಿಂದ ಆಚೆ ಚಾಚಿದೆಯೋ ಒಳಗೇ ಇದೆಯೋ ಅನ್ನುವುದು ಇನ್ನೊಂದು. ಇವೆರಡೂ ಎರಡು ಬದಿಗೂ, ಎಡ ತುದಿಯಿಂದ ಬಲ ತುದಿಯವರೆಗೂ ಸಮ ಇರಬೇಕು. ನನ್ನದರಲ್ಲಿ ಸಮ ಇಲ್ಲ ಅನ್ನುವುದಕ್ಕೆ ಕುತ್ತಿಗೆಯೇ ಸಾಕ್ಷಿ. ಎಲ್ಲಿ ಇಲ್ಲ ಅನ್ನುವುದನ್ನು ಹುಡುಕಬೇಕಿತ್ತು.

ಬಿಳಿ ಹಾಳೆ ಹಾಸಿ, ರೇಜರನ್ನು ಕಿಟಕಿ ಬೆಳಕಿಗೆ ಅಡ್ಡ ಹಿಡಿದು, ತಲೆಯ ಪಕ್ಕದಿಂದ ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದೆ. ಮುಚ್ಚಳದ ಕೆಳಗೆ ಬ್ಲೇಡಿನ ಹೊಳೆಯುವ ಗೆರೆ ಒಂದು ತುದಿಯಲ್ಲಿ ದಪ್ಪ, ಇನ್ನೊಂದು ತುದಿಯಲ್ಲಿ ಸಣ್ಣ. ಬ್ಲೇಡ್ ಓರೆ ಕೂತಿದೆ ಅಂತ ಆಯ್ತು. ಇದು ಎಲ್ಲರಿಗೂ ಆಗುವಂಥದ್ದು. ಮುಚ್ಚಳದ ಗೂಟಗಳಿಗಿಂತ ಬ್ಲೇಡಿನ ತೂತು ಒಂದು ಕೂದಲೆಳೆ ದೊಡ್ಡದು, ಹಾಗಾಗಿ ಬ್ಲೇಡ್ ಅಲ್ಲಾಡುತ್ತದೆ. ಇದಕ್ಕೆ ಮದ್ದು ಸುಲಭ. ರೇಜರನ್ನು ತಲೆಕೆಳಗಾಗಿ ಹಿಡಿದು, ಹಿಡಿಯನ್ನು ಪೂರ್ತಿ ಬಿಗಿ ಮಾಡದೆ ಸ್ವಲ್ಪ ಸಡಿಲ ಬಿಟ್ಟು, ಬ್ಲೇಡಿನ ಹರಿತವಿಲ್ಲದ ಎರಡು ಕಿವಿಗಳನ್ನು ಹೆಬ್ಬೆರಳು ತೋರುಬೆರಳಲ್ಲಿ ಒತ್ತಿ ನೇರ ಮಾಡಿ, ಹಾಗೇ ಒತ್ತಿಕೊಂಡು ಬಿಗಿ ಮಾಡುವುದು. ಮಾಡಿದೆ. ಗೆರೆ ಎರಡೂ ತುದಿಗೆ ಸಮ ಬಂತು. ಆದರೂ ಆ ಬದಿಯ ಉರಿ ಅರ್ಧ ಹೋಯಿತು, ಅರ್ಧ ಉಳಿಯಿತು.

ಇನ್ನುಳಿದದ್ದು ಬ್ಲೇಡಿನದೋ, ಮುಚ್ಚಳದ್ದೋ, ಪ್ಲೇಟಿನದೋ? ಇದನ್ನು ಕಂಡುಹಿಡಿಯಲು ದುಡ್ಡು ಖರ್ಚಿಲ್ಲದ ದಾರಿ ಇದೆ. ತಂಗಿಯ ಉಗುರುಬಣ್ಣ ತಂದು ಪ್ಲೇಟಿನ ಅಡಿಯಲ್ಲಿ ಒಂದು ಚುಕ್ಕೆ, ಮುಚ್ಚಳದ ಮೂಲೆಯಲ್ಲಿ ಒಂದು ಚುಕ್ಕೆ ಇಟ್ಟೆ. ಮೊದಲು ಬ್ಲೇಡನ್ನು ಮಾತ್ರ ಅರ್ಧ ಸುತ್ತು ತಿರುಗಿಸಿ ಹಾಕಿ ಗಡ್ಡ ಹೆರೆದೆ. ಕೆಟ್ಟ ಬದಿ ಇದ್ದಲ್ಲೇ ಇತ್ತು. ಅಂದರೆ ಬ್ಲೇಡಿನ ತಪ್ಪಲ್ಲ. ಮುಂದಿನ ಸಲ ಮುಚ್ಚಳ ಮಾತ್ರ ತಿರುಗಿಸಿದೆ, ಆಗಲೂ ಇದ್ದಲ್ಲೇ. ಪ್ಲೇಟು ತಿರುಗಿಸಿದಾಗ ಕೆಟ್ಟ ಬದಿ ಅದರ ಜೊತೆಗೇ ಆಚೆ ಹೋಯಿತು. ಕಳ್ಳ ಸಿಕ್ಕ.

ಸಿಕ್ಕಿದ ಮೇಲೆ ಅಳೆಯದೆ ಬಿಡುವುದು ಹೇಗೆ? ಸಂದು ಅಳೆಯಲು ಫೀಲರ್ ಗೇಜ್ ಬೇಕು. ಬೈಕಿನ ಟ್ಯಾಪೆಟ್ ಹೊಂದಿಸುವಾಗ ಮೆಕ್ಯಾನಿಕ್‌ಗಳು ಬಳಸುತ್ತಾರಲ್ಲ, ತೆಳ್ಳಗಿನ ಉಕ್ಕಿನ ಎಲೆಗಳ ಗೊಂಚಲು, ಪ್ರತಿ ಎಲೆಯ ಮೇಲೂ ಅದರ ದಪ್ಪ ಬರೆದಿರುತ್ತದೆ. ನಾನಿರುವುದು ಕಾರವಾರದ ಕೋಡಿಬಾಗದಲ್ಲಿ. ಹತ್ತಿರದ ಗ್ಯಾರೇಜಿನವನ ಹತ್ತಿರ ಹೋಗಿ ಕೇಳಿದೆ.

"ಯಾವ ಗಾಡಿಗೆ ಅಣ್ಣಾ?" ಅಂದ.

"ಗಾಡಿಗಲ್ಲ, ಗಡ್ಡಕ್ಕೆ."

ಕೈಯ ಗ್ರೀಸ್ ಒರೆಸುತ್ತ ಒಂದು ಕ್ಷಣ ನನ್ನನ್ನೇ ನೋಡಿದ. ರೇಜರ್ ತೋರಿಸಿದ ಮೇಲೆ ಅವನಿಗೂ ಆಸಕ್ತಿ ಬಂತು, ಎಲೆ ತೂರಿಸುವ ಕೆಲಸ ತಾನೇ ಮಾಡಿದ. ಇಲ್ಲೊಂದು ಮಾತು. ಉಕ್ಕಿನ ಎಲೆ ತಾಗಿದರೆ ಬ್ಲೇಡಿನ ಅಂಚು ಹಾಳಾಗುತ್ತದೆ, ಆದ್ದರಿಂದ ಅಳೆಯುವಾಗ ಎಸೆಯಬೇಕಾದ ಹಳೆ ಬ್ಲೇಡ್ ಹಾಕಿಕೊಳ್ಳಿ. ಒಳ್ಳೆ ಬದಿಯಲ್ಲಿ ಎರಡೂ ತುದಿಗೆ 0.55 ಮಿಲಿಮೀಟರ್ ಬಂತು. ಕೆಟ್ಟ ಬದಿಯ ಒಂದು ತುದಿಯಲ್ಲಿ 0.55, ಇನ್ನೊಂದು ತುದಿಯಲ್ಲಿ 0.70. ಒಂದೂವರೆ ಬ್ಲೇಡಿನಷ್ಟು ವ್ಯತ್ಯಾಸ! "ಇಷ್ಟು ಇದ್ರೆ ಗಾಡೀನೂ ಶಬ್ದ ಮಾಡ್ತದೆ ಅಣ್ಣಾ" ಅಂದ. ಸರಿಯಾಗೇ ಹೇಳಿದ.

ಮನೆಗೆ ಬಂದು ಪ್ಲೇಟನ್ನು ಭೂತಗನ್ನಡಿಯಲ್ಲಿ ನೋಡಿದೆ. ಬ್ಲೇಡ್ ಕೂರುವ ಏಣಿನ ಮೂಲೆಯಲ್ಲಿ ಒಂದು ಪುಟ್ಟ ಗಂಟು. ಕಣ್ಣಿಗೆ ಅಷ್ಟಾಗಿ ಕಾಣದು, ಉಗುರು ಎಳೆದರೆ ಟಕ್ ಅಂತ ಸಿಗುತ್ತದೆ. ಇದು ಎರಕದ ತಪ್ಪಲ್ಲ, ಲೇಪದ್ದು. ವಿದ್ಯುತ್ತಿನಿಂದ ಲೇಪ ಕೊಡುವಾಗ ಕರೆಂಟು ಮೂಲೆ, ಅಂಚುಗಳಲ್ಲೇ ಜಾಸ್ತಿ ಸೇರುತ್ತದೆ, ಹಾಗಾಗಿ ಲೋಹವೂ ಅಲ್ಲೇ ದಪ್ಪಗೆ ಕೂರುತ್ತದೆ. ತೊಟ್ಟಿಯಲ್ಲಿ ಸ್ವಲ್ಪ ಕಸ ಇದ್ದರಂತೂ ಅದರ ಸುತ್ತ ಗಂಟು ಬೆಳೆಯುತ್ತದೆ. ಬ್ಲೇಡ್ ಆ ಗಂಟಿನ ಮೇಲೆ ಹತ್ತಿ ಕೂತು ಆ ಮೂಲೆಯಲ್ಲಿ ಎದ್ದಿದೆ.

ಉಜ್ಜಿ ತೆಗೆದರೆ ಆಯ್ತಲ್ಲ ಅನ್ನಬಹುದು. ಬಯಲುಸೀಮೆಯಲ್ಲಾದರೆ ನಾನೂ ಹಿಂದೆ ಮುಂದೆ ನೋಡುತ್ತಿರಲಿಲ್ಲ. ಈ ಬೆಲೆಯ ರೇಜರಿನ ತಲೆ ಜಾಮಾಕ್ ಅನ್ನುವ ಮಿಶ್ರಲೋಹದ್ದು. ಹೆಚ್ಚಿನ ಪಾಲು ಸತು, ಜೊತೆಗೆ ಅಲ್ಯುಮಿನಿಯಂ, ಚೂರು ತಾಮ್ರ, ಮೆಗ್ನೀಸಿಯಂ. ಎರಕಕ್ಕೆ ಒಳ್ಳೆಯದು, ಉಪ್ಪಿಗೆ ಕೆಟ್ಟದ್ದು. ಲೇಪ ಹರಿದು ಸತು ಹೊರಗೆ ಕಂಡರೆ ಕಡಲ ಗಾಳಿಗೆ ಬಿಳಿ ಪುಡಿ ಏಳುತ್ತದೆ, ಆಮೇಲೆ ಸುತ್ತಲಿನ ಕ್ರೋಮೂ ಹಕ್ಕಳೆ ಏಳುತ್ತದೆ. ಇಲ್ಲಿ ಕಿಟಕಿ ಸರಳು, ಬೀಗ, ಸೈಕಲ್ ಚೈನು ಯಾವುದನ್ನೂ ಉಪ್ಪುಗಾಳಿ ಬಿಡುವುದಿಲ್ಲ, ರೇಜರನ್ನು ಬಿಡುತ್ತದೆಯೇ?

ಹಾಗಂತ ಪೂರ್ತಿ ಕೈಬಿಡಬೇಕಾಗಿಲ್ಲ. ಒಳ್ಳೆಯ ರೀತಿಯಲ್ಲಿ ಲೇಪ ಕೊಟ್ಟಿದ್ದರೆ ಅದು ಒಂದೇ ಪದರ ಅಲ್ಲ. ಸತುವಿನ ಮೇಲೆ ತಾಮ್ರ, ಅದರ ಮೇಲೆ ನಿಕ್ಕಲ್, ಎಲ್ಲಕ್ಕಿಂತ ಮೇಲೆ ಕ್ರೋಮ್. ಕ್ರೋಮ್ ಪದರ ಒಂದು ಮೈಕ್ರಾನ್‌ಗಿಂತ ತೆಳು, ನಿಕ್ಕಲ್ ಅದಕ್ಕಿಂತ ಎಷ್ಟೋ ಪಟ್ಟು ದಪ್ಪ, ಉಪ್ಪನ್ನು ತಡೆಯುವ ಕೆಲಸದಲ್ಲಿ ಹೆಚ್ಚಿನ ಪಾಲು ಅದರದೇ. ಬಣ್ಣದಲ್ಲೂ ಗುರುತು ಸಿಗುತ್ತದೆ: ಕ್ರೋಮ್ ನೀಲಿ ಛಾಯೆಯ ಬಿಳಿ, ನಿಕ್ಕಲ್ ಚೂರು ಹಳದಿ, ತಾಮ್ರ ಕೆಂಪು. ಗಂಟಿನ ಮೇಲೆ ಹಳದಿ ಬೇಗ ಕಾಣುತ್ತದೆ, ಅದು ಸುತ್ತಲಿನ ಮಟ್ಟಕ್ಕೆ ಬಂದ ಕೂಡಲೇ ಕೈ ಎತ್ತಬೇಕು. ಕೆಂಪು ಕಂಡರೆ ಸತುವಿಗೆ ಇನ್ನು ಒಂದೇ ಮೆಟ್ಟಿಲು.

2000 ನಂಬರಿನ ವಾಟರ್ ಪೇಪರನ್ನು (ನುಣುಪು ಮರಳು ಕಾಗದ) ಕಿರುಬೆರಳ ಉಗುರಿನಷ್ಟು ಕತ್ತರಿಸಿ ಐಸ್‌ಕ್ರೀಮ್ ಕಡ್ಡಿಯ ತುದಿಗೆ ಅಂಟಿಸಿದೆ. ಬೆರಳಲ್ಲಿ ಉಜ್ಜಿದರೆ ಅಕ್ಕಪಕ್ಕದ ಒಳ್ಳೆ ಜಾಗವೂ ಸವೆಯುತ್ತದೆ, ಕಡ್ಡಿಯಾದರೆ ಎತ್ತರದ ಗಂಟಿಗೆ ಮಾತ್ರ ತಾಗುತ್ತದೆ. ನೀರು ಮುಟ್ಟಿಸಿ, ಒಂದೇ ದಿಕ್ಕಿಗೆ, ಒತ್ತದೆ. ನಾಲ್ಕಾರು ಸಲ ಎಳೆಯುವುದು, ಒರೆಸುವುದು, ಉಗುರಿನಲ್ಲಿ ನೋಡುವುದು, ಮತ್ತೆ ಎಳೆಯುವುದು. ಸಂಜೆಯ ಕರೆಂಟು ಬೆಳಕಿನಲ್ಲಿ ಈ ಕೆಲಸಕ್ಕೆ ಕೂರಬೇಡಿ, ಹಳದಿ ಬಲ್ಬಿನ ಕೆಳಗೆ ಕ್ರೋಮೂ ನಿಕ್ಕಲೂ ಒಂದೇ ಬಣ್ಣ ಕಾಣುತ್ತವೆ. ಹಗಲಲ್ಲೇ ಮಾಡಿ. ಉಗುರಿಗೆ ಸಿಗುವುದು ನಿಲ್ಲುವ ಹೊತ್ತಿಗೆ ಎಳ್ಳಿನಷ್ಟು ಜಾಗ ಹಳದಿಯಾಗಿತ್ತು. ನಿಲ್ಲಿಸಿದೆ. ಗೇಜು ತೂರಿಸಿದರೆ 0.60. ಇನ್ನೂ 0.05 ಹೆಚ್ಚಿದೆ, ಇರಲಿ. ಅದನ್ನೂ ತೆಗೆಯುತ್ತೇನೆ ಅಂತ ಹಟ ಹಿಡಿದರೆ ತಾಮ್ರ ಕಾಣುತ್ತದೆ. ಮಾರನೇ ಬೆಳಿಗ್ಗೆ ಎರಡೂ ಬದಿ ಒಂದೇ ಸಮ ಓಡಿತು. ಕಣ್ಣು ಮುಚ್ಚಿ ರೇಜರ್ ತಿರುಗಿಸಿ ಹಿಡಿದರೆ ಯಾವ ಬದಿ ಅಂತ ಹೇಳಲು ಬರಲಿಲ್ಲ.

ರೇಜರಿನ ಕತೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಕೋಡಿಬಾಗದ ನೀರು ಬಿಡಬೇಕಲ್ಲ.

ನಮ್ಮ ಮೂಲ ಮನೆ ಶಿರಸಿ ಹತ್ತಿರದ ಹಳ್ಳಿಯಲ್ಲಿ. ಕುಮಟಾ ಮೇಲೆ ಹೋಗಿ ದೇವಿಮನೆ ಘಟ್ಟ ಹತ್ತಿದರೆ ಊರಿನ ಬಸ್ಸು. ಅಲ್ಲಿ ಹೋದಾಗ ಇದೇ ರೇಜರ್, ಇದೇ ಸೋಪು, ಇದೇ ಬ್ರಷ್ ಹಿಡಿದು ಹೆರೆದರೆ ನೊರೆ ದಪ್ಪಗೆ, ಒದ್ದೆಯಾಗಿ, ಗಲ್ಲ ಬಿಟ್ಟು ಕದಲುವುದಿಲ್ಲ. ಅಪ್ಪಯ್ಯ ಈಗಲೂ ಹಳೆ ಹಿತ್ತಾಳೆ ರೇಜರಿನಲ್ಲೇ ಜಗಲಿಯ ಕಿಟಕಿಗೆ ಕನ್ನಡಿ ಸಿಕ್ಕಿಸಿಕೊಂಡು ಗಡ್ಡ ಹೆರೆಯುತ್ತಾರೆ, ಅವರಿಗೆ ಉರಿ, ಚುಕ್ಕೆ ಯಾವುದೂ ಇಲ್ಲ. ಅವರ ರೇಜರಿಗೂ ಗೇಜು ತೂರಿಸಿ ಅಳೆಯುತ್ತಿದ್ದೆ. "ಎಂತದಾ ತಮಾ, ಗಡ್ಡ ತೆಗಿಯಲೂ ಅಳತೆ ಬೇಕಾತನಾ?" ಅಂದರು. ನಾಲ್ಕೂ ತುದಿಗೆ ಒಂದೇ ಅಳತೆ ಬಂತು. ಗುಡ್ಡದ ಅಬ್ಬಿಯಿಂದ ಇಳಿದು ಬರುವ ನೀರು ಬಚ್ಚಲ ಹಂಡೆಗೆ ಬೀಳುತ್ತದೆ. ಕೆಂಪುಕಲ್ಲಿನ ನೆಲದಲ್ಲಿ ಇಂಗಿ ಬಂದ ನೀರು ಅದು, ಸುಣ್ಣದ ಅಂಶ ತೀರಾ ಕಡಿಮೆ.

ಕೋಡಿಬಾಗದಲ್ಲಿ ಕಥೆ ಬೇರೆ. ಒಂದು ಕಡೆ ಕಾಳಿ ನದಿ ಸಮುದ್ರಕ್ಕೆ ಸೇರುವ ಜಾಗ, ಇನ್ನೊಂದು ಕಡೆ ಸಮುದ್ರವೇ. ಮಳೆಗಾಲ ಮುಗಿದ ಮೇಲೆ ಬಾವಿ ನೀರು ಸುಮಾರಾಗಿ ಚೆನ್ನಾಗಿರುತ್ತದೆ, ಏಪ್ರಿಲ್ ಮೇ ಹೊತ್ತಿಗೆ ಸಿಹಿನೀರಿನ ಒತ್ತಡ ಇಳಿದು ಉಪ್ಪುನೀರು ಒಳಗೆ ನುಗ್ಗಿ ಸವುಳಾಗುತ್ತದೆ. ಆಗ ನೊರೆ ಮೊದಲು ಬಂದ ಹಾಗೆ ಮಾಡಿ, ಮುಖಕ್ಕೆ ಹಚ್ಚಿ ಬ್ಲೇಡ್ ಎತ್ತುವಷ್ಟರಲ್ಲಿ ಪುಸಕ್ಕನೆ ಇಳಿದುಬಿಡುತ್ತದೆ. ಒಣ ಚರ್ಮದ ಮೇಲೆ ಯಾವ ರೇಜರ್ ಓಡಿಸಿದರೂ ಉರಿಯೇ.

ಇದನ್ನು ಕಣ್ಣಾರೆ ನೋಡಬೇಕು ಅಂದರೆ ಎರಡು ಖಾಲಿ ಬಾಟಲಿ ಸಾಕು. ಒಂದರಲ್ಲಿ ಅಬ್ಬಿ ನೀರು ಅಥವಾ ಮಳೆನೀರು, ಇನ್ನೊಂದರಲ್ಲಿ ಬಾವಿ ನೀರು, ಎರಡಕ್ಕೂ ಶೇವಿಂಗ್ ಸೋಪನ್ನು ತುರಿದು ಸಮನಾಗಿ ಒಂದೊಂದು ಚಿಟಿಕೆ ಹಾಕಿ ಮುಚ್ಚಿ ಕುಲುಕಿ. ಮೊದಲನೆಯದರಲ್ಲಿ ಕುತ್ತಿಗೆಯವರೆಗೆ ನೊರೆ ಏರಿ ಹಾಗೇ ನಿಲ್ಲುತ್ತದೆ. ಎರಡನೆಯದರಲ್ಲಿ ಹಾಲು ಒಡೆದ ಹಾಗೆ ಬಿಳಿ ಚೂರು ತೇಲುತ್ತವೆ, ನೀರು ಮಬ್ಬು, ಮೇಲೆ ನಾಲ್ಕು ಗುಳ್ಳೆ. ಇದರಲ್ಲಿ ಎರಡು ಕಾರಣ ಸೇರಿವೆ. ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಕರಗದ ಜಿಡ್ಡಾಗುತ್ತವೆ, ಅದು ಒಂದು. ಅಡುಗೆ ಉಪ್ಪೇ ಸೋಪನ್ನು ನೀರಿನಿಂದ ಹೊರಗೆ ದೂಡುತ್ತದೆ, ಅದು ಇನ್ನೊಂದು. ಸೋಪು ಮಾಡುವವರು ಕುದಿಯುವ ಪಾಕಕ್ಕೆ ಉಪ್ಪು ಹಾಕಿ ಸೋಪನ್ನು ಬೇರೆ ಮಾಡಿಕೊಳ್ಳುವುದು ಇದೇ ಗುಣದಿಂದ. "ನೀರು ಕುದಿಸಿ ಬಳಸು" ಅನ್ನುವವರಿದ್ದಾರೆ. ಕುದಿಸಿದರೆ ಒಂದು ಬಗೆಯ ಗಡಸುತನ ಮಾತ್ರ ಹೋಗುತ್ತದೆ. ಉಪ್ಪು ಎಲ್ಲಿಗೂ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಇನ್ನೂ ಗಟ್ಟಿಯಾಗುತ್ತದೆ.

ಪರಿಹಾರ ನಗು ಬರುವಷ್ಟು ಸಣ್ಣದು. ನೊರೆಗೆ ಬೇಕಾದ ನೀರು ಅರ್ಧ ಲೋಟವೂ ಇಲ್ಲ. ಮುಖ ಬಾವಿ ನೀರಿನಲ್ಲೇ ತೊಳೆದರೆ ಆಗುತ್ತದೆ, ಕೊನೆಗೊಮ್ಮೆ ಒಳ್ಳೆ ನೀರಿನಲ್ಲಿ ಒದ್ದೆ ಮಾಡಿ, ಬ್ರಷ್ಷನ್ನೂ ಒಳ್ಳೆ ನೀರಿನಲ್ಲೇ ನೆನೆಸಿ. ಊರಿಂದ ಬರುವಾಗ ಅಪ್ಪೆಮಿಡಿ ಉಪ್ಪಿನಕಾಯಿ, ತೆಂಗಿನಕಾಯಿ ಜೊತೆಗೆ ಒಂದು ಕ್ಯಾನು ಅಬ್ಬಿ ನೀರೂ ಬರುತ್ತದೆ ಈಗ. ಬಸ್ಸಿನಲ್ಲಿ ಪಕ್ಕದವರು ತೀರ್ಥವಾ ಅಂತ ಕೇಳಿದ್ದೂ ಉಂಟು. ಮಳೆಗಾಲದಲ್ಲಿ ಆ ಚಿಂತೆಯೂ ಇಲ್ಲ, ಸೂರಿನ ನೀರಿಗೆ ಬಕೆಟ್ ಇಟ್ಟರೆ ಆಯ್ತು. ಕ್ಯಾನು ಹೊರುವುದು ಬೇಡ ಅನ್ನುವವರು ಸೋಪಿನ ಬದಲು ಶೇವಿಂಗ್ ಕ್ರೀಮ್ ನೋಡಬಹುದು, ಗಡಸು ನೀರನ್ನು ತಡೆಯುವ ಅಂಶ ಹಲವು ಕ್ರೀಮುಗಳಲ್ಲಿ ಇರುತ್ತದೆ.

ನೊರೆ ಕಲಸಲು ನಾನು ಬಳಸುವುದು ತೆಂಗಿನ ಗರಟೆ. ಮೂರು ಕಣ್ಣಿಲ್ಲದ ಅರ್ಧ ಆರಿಸಿ, ಹೊರಗಿನ ನಾರು ಹೆರೆದು, ಒಳಗೆ ಮಾತ್ರ ಒರಟು ಉಳಿಸಿದ್ದೇನೆ. ಆ ಒರಟಿಗೆ ಬ್ರಷ್ ತಾಗಿ ನೊರೆ ಬೇಗ ಏಳುತ್ತದೆ. ಪ್ಲಾಸ್ಟಿಕ್ ಬಟ್ಟಲಿನಲ್ಲಿ ಬ್ರಷ್ ಜಾರುತ್ತದೆ.

ಹೆರೆಯುವ ಕೈಚಳಕದ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಜಿಲೆಟ್ ಥರದ ಕಾರ್ಟ್ರಿಡ್ಜ್ (ಬ್ಲೇಡುಗಳು ಒಳಗೇ ಕೂತ ಪ್ಲಾಸ್ಟಿಕ್ ತಲೆ) ಬಿಟ್ಟು ಇದಕ್ಕೆ ಬಂದವರಿಗೆ ಮಾತ್ರ ಎರಡು ಮಾತು. ಕಾರ್ಟ್ರಿಡ್ಜನ್ನು ಒತ್ತುತ್ತೇವೆ, ಇದನ್ನು ಒತ್ತಬಾರದು. ತಲೆಯ ತೂಕವೇ ಸಾಕು. ಮೊದಲು ಮುಚ್ಚಳವನ್ನು ಗಲ್ಲಕ್ಕೆ ತಾಗಿಸಿ ಹಿಡಿಯನ್ನು ಮುಖಕ್ಕೆ ನೇರ ಅಡ್ಡ ಚಾಚಿ, ಬ್ಲೇಡ್ ಚರ್ಮ ಮುಟ್ಟಿ ಕರಕರ ಶಬ್ದ ಬರುವವರೆಗೆ ಹಿಡಿಯನ್ನು ನಿಧಾನ ಕೆಳಗಿಳಿಸಿ. ಅಲ್ಲಿ ಬ್ಲೇಡಿಗೂ ಚರ್ಮಕ್ಕೂ ಸುಮಾರು 30 ಡಿಗ್ರಿ. ಶಬ್ದವೇ ಗುರುತು, ಶಬ್ದ ನಿಂತರೆ ಕೋನ ತಪ್ಪಿದೆ ಅಂತ. ಕುತ್ತಿಗೆಯಲ್ಲಿ ಕೂದಲು ಎಲ್ಲ ಕೆಳಗೇ ಬೆಳೆದಿರುತ್ತದೆ ಅಂದುಕೊಳ್ಳಬೇಡಿ, ಗಡ್ಡ ಸ್ವಲ್ಪ ಬಂದಾಗ ಬೆರಳು ಆಡಿಸಿ ನೋಡಿ. ನನ್ನದು ಎಡಗಡೆ ಅಡ್ಡ ಬೆಳೆಯುತ್ತದೆ.

ಗಡ್ಡ ಹೆರೆಯುವ ಮೊದಲು ನೆನೆಸುವುದಕ್ಕೆ ಮಾತ್ರ ಜಿಪುಣತನ ಬೇಡ. 2020ರಲ್ಲಿ ಅಮೆರಿಕದ ಎಂಐಟಿಯ ಸಂಶೋಧಕರು ಸೈನ್ಸ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದರು. ಬ್ಲೇಡಿನ ಉಕ್ಕಿಗಿಂತ ಕೂದಲು ಸುಮಾರು 50 ಪಟ್ಟು ಮೆದು, ಆದರೂ ಬ್ಲೇಡ್ ಮೊಂಡಾಗುತ್ತದೆ, ಏಕೆ? ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗೆ ಒಂದೊಂದೇ ಕೂದಲು ಕೊಯ್ದು ನೋಡಿದರೆ, ಅಂಚು ಬರೀ ಸವೆಯುವುದಲ್ಲ, ಅಲ್ಲಲ್ಲಿ ಚೂರಾಗಿ ಹಾರುತ್ತದೆ. ಕೂದಲು ಬಾಗಿ ಬ್ಲೇಡಿಗೆ ಓರೆಯಾಗಿ ಒತ್ತಿದಾಗ, ಅದೂ ಉಕ್ಕಿನ ಒಳರಚನೆ ಒಂದೇ ಸಮ ಇಲ್ಲದ ಕಡೆ, ಹೀಗಾಗುತ್ತದೆ. ನೆನೆದ ಕೂದಲು ಒಣಗಿದ್ದಕ್ಕಿಂತ ಮೆದು, ಕೊಯ್ಯಲು ಬಲ ಕಡಿಮೆ ಸಾಕು. ಸ್ನಾನ ಆದ ಮೇಲೆ ಹೆರೆಯಿರಿ ಅನ್ನುವುದು ಅದಕ್ಕೇ.

ಸಂದು 0.55 ಅಂದರೆ ಸೌಮ್ಯ ರೇಜರ್. ದಿನಾ ಹೆರೆಯುವವರಿಗೆ ಹೇಳಿ ಮಾಡಿಸಿದ್ದು. ನಾನು ದಿನಾ ಹೆರೆಯುವವನಲ್ಲ. ಗಡ್ಡ ಬಲಿತ ಮೇಲೆ ಇದು ತಡವರಿಸುತ್ತದೆ, ನೊರೆ ಸಂದಿನಲ್ಲಿ ಕಟ್ಟಿಕೊಳ್ಳುತ್ತದೆ. ಇದಕ್ಕೊಂದು ಹಳೆ ಉಪಾಯ ಇದೆ, ಶಿಮ್ ಹಾಕುವುದು. ಹಳೆ ಬ್ಲೇಡಿನ ಎರಡೂ ಹರಿತದ ಅಂಚು ಕತ್ತರಿಸಿ ತೆಗೆದು, ನಡುವಿನ ಪಟ್ಟಿಯನ್ನು ಹೊಸ ಬ್ಲೇಡಿನ ಅಡಿಗೆ ಇಡುವುದು. ಬ್ಲೇಡ್ 0.1 ಮೇಲೇರುತ್ತದೆ, ಸಂದು ಅಷ್ಟು ಅಗಲವಾಗುತ್ತದೆ. ಕತ್ತರಿಸುವಾಗ ಕನ್ನಡಕ ಹಾಕಿಕೊಳ್ಳಿ, ದಪ್ಪ ಬಟ್ಟೆ ಮುಚ್ಚಿಕೊಂಡು ತಗಡು ಕತ್ತರಿಯಲ್ಲಿ ಕತ್ತರಿಸಿ. ಬ್ಲೇಡಿನ ಉಕ್ಕು ಸ್ವಲ್ಪ ಬಳುಕುತ್ತದೆ ಅಷ್ಟೇ, ಜಾಸ್ತಿ ಬಗ್ಗಿದರೆ ಸಿಡಿಯುತ್ತದೆ. ಹಾಕಿ ನೋಡಿದೆ. ಗಲ್ಲದ ಮೇಲೆ ಸೊಗಸು, ಬಲಿತ ಗಡ್ಡವೂ ಒಂದೇ ಏಟಿಗೆ ಹೋಯಿತು. ಕುತ್ತಿಗೆಗೆ ಮಾತ್ರ ಆಗಲಿಲ್ಲ. ಈಗ ಶಿಮ್ ಡಬ್ಬಿಯಲ್ಲಿದೆ, ಗಡ್ಡ ತುಂಬ ಬಿಟ್ಟ ವಾರಕ್ಕೆ ಮಾತ್ರ ಹೊರಗೆ ಬರುತ್ತದೆ. ನಿಮ್ಮ ಕುತ್ತಿಗೆ ಗಟ್ಟಿ ಇದ್ದರೆ ದಿನಾ ಇಡಬಹುದು.

ಬ್ಲೇಡ್ ಯಾವುದು ಅಂತ ಕೇಳುವವರಿಗೆ: ನಮ್ಮಲ್ಲಿ ಸುಲಭವಾಗಿ ಸಿಗುವ 7 ಓ'ಕ್ಲಾಕ್, ಟೋಪಾಜ್ ಥರದವು ಒಂದೊಂದು ಪ್ಯಾಕೆಟ್ ತಂದು ನೋಡಿ, ಮುಖಕ್ಕೆ ಯಾವುದು ಹಿಡಿಸುತ್ತದೋ ಅದು. ಸಲೂನಿನವರು ಅರ್ಧ ಮುರಿದು ಕತ್ತಿಗೆ ಸಿಕ್ಕಿಸುವುದೂ ಇದೇ ಬ್ಲೇಡು. ಒಂದು ರೇಜರಿಗೆ ಒಂದು ಬ್ಲೇಡ್ ಅನ್ನುವ ಗಂಟು ಇಲ್ಲದಿರುವುದೇ ಇದರ ದೊಡ್ಡ ಸುಖ.

ಕರಾವಳಿಯಲ್ಲಿ ರೇಜರ್ ಬಾಳಬೇಕಾದರೆ ಹೆರೆದ ಮೇಲಿನ ಎರಡು ನಿಮಿಷವೇ ಮುಖ್ಯ. ಬಿಗಿಯಾಗಿ ಮುಚ್ಚಿದ ತಲೆಯೊಳಗೆ ಉಪ್ಪುನೀರು ನಿಂತರೆ ಒಳಗಿನಿಂದಲೇ ತಿನ್ನುತ್ತದೆ. ನಾನು ಮೂರೂ ತುಂಡು ಬಿಚ್ಚಿ, ಒಳ್ಳೆ ನೀರಿನಲ್ಲಿ ತೊಳೆದು, ಕೊಡವಿ, ಬಚ್ಚಲಿನಿಂದ ಹೊರಗೆ ತಂದು ಒಣಗಲು ಬಿಡುತ್ತೇನೆ. ಪ್ಲೇಟು, ಮುಚ್ಚಳ ಒರೆಸಬಹುದು, ಬ್ಲೇಡಿನ ಅಂಚನ್ನು ಟವೆಲಿನಲ್ಲಿ ಒರೆಸಬಾರದು, ಅದರ ಮೇಲಿನ ತೆಳು ಲೇಪ ಹೋಗುತ್ತದೆ. ಉಜ್ಜಿದ ಎಳ್ಳಿನಷ್ಟು ಜಾಗಕ್ಕೆ ಆಗಾಗ ಚೂರು ವ್ಯಾಸಲೀನ್. ಹಿಡಿಯ ತಿರುಪಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ. ಬಿಗಿ ಮಾಡುವಾಗ ಬೆರಳ ತುದಿಯ ಬಲ ಸಾಕು, ಮುಚ್ಚಳದ ನಡುಗೂಟವೂ ಜಾಮಾಕ್‌ದೇ, ಗಟ್ಟಿ ತಿರುಗಿಸಿದರೆ ಬುಡಕ್ಕೇ ಮುರಿಯುತ್ತದೆ. ಹುಣಸೆಹಣ್ಣು, ವಿನೆಗರ್ ಹಾಕಿ ನೆನೆಸಿಡುವ ಕೆಲಸ ಬೇಡವೇ ಬೇಡ. ಅಪ್ಪಯ್ಯನ ಹಿತ್ತಾಳೆ ರೇಜರನ್ನು ದೇವರ ದೀಪದ ಜೊತೆ ಹುಣಸೆಹಣ್ಣು ಹಾಕಿ ತಿಕ್ಕಿದರೂ ಅದಕ್ಕೇನೂ ಆಗುವುದಿಲ್ಲ, ಸತುವನ್ನು ಹುಳಿ ತಿಂದುಹಾಕುತ್ತದೆ. ಬ್ರಷ್ಷನ್ನು ಕೂದಲು ಕೆಳಗಾಗಿ ತೂಗುಹಾಕಿ. ಜುಲೈ ತಿಂಗಳಲ್ಲಿ ಒದ್ದೆ ಬ್ರಷ್ ಡಬ್ಬಿಯಲ್ಲಿಟ್ಟರೆ ಬೂಷ್ಟು ಗ್ಯಾರಂಟಿ.

ದುಡ್ಡು ಇದ್ದರೆ ಸ್ಟೇನ್‌ಲೆಸ್ ಸ್ಟೀಲಿನದೇ ತಗೊಳ್ಳಿ, ಅದೂ 316 ನಮೂನೆಯದು ಸಿಕ್ಕರೆ, ಉಪ್ಪಿಗೆ ಜಾಸ್ತಿ ತಡೆಯುತ್ತದೆ. ಬೆಲೆ ಮಾತ್ರ ಎಷ್ಟೋ ಪಟ್ಟು. ಅದನ್ನು ತಂದರೂ ಮೊದಲ ದಿನ ಪ್ಲೇಟು ತಿರುಗಿಸಿ ನೋಡಿ.

ಉಳಿದದ್ದು ಹಿಡಿ. ಇದರ ಮೇಲಿನ ಗೀರು ತೀರಾ ಆಳವಿಲ್ಲ, ಸೋಪು ಕೈಗೆ ಹತ್ತಿದರೆ ಜಾರುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ನಲ್ಲಿಗೆ ಹಾಕುವ ರಬ್ಬರ್ ಓ-ರಿಂಗ್ ಸಿಗುತ್ತದೆ, ಹಿಡಿಗಿಂತ ಚೂರು ಸಣ್ಣದು ನೋಡಿ ತಂದು ಮೇಲೊಂದು ಕೆಳಗೊಂದು ಏರಿಸಿದ್ದೇನೆ. ರಿಂಗಿನ ಅಡಿ ನೀರು ನಿಲ್ಲುತ್ತದೆ, ವಾರಕ್ಕೊಮ್ಮೆ ಸರಿಸಿ ಒರೆಸಬೇಕು. ಅದೂ ಬೇಡ ಅಂದರೆ ಒದ್ದೆ ಬೆರಳನ್ನು ಪಟಿಕದ ಕಲ್ಲಿಗೆ ಒಮ್ಮೆ ಉಜ್ಜಿಕೊಂಡು ರೇಜರ್ ಹಿಡಿಯಿರಿ, ಜಾರುವುದಿಲ್ಲ. ಹೇಗೂ ಕೊನೆಗೆ ಮುಖಕ್ಕೆ ಹಚ್ಚಲು ಪಟಿಕ ಪಕ್ಕದಲ್ಲೇ ಇರುತ್ತದೆ.